ಚರ್ಚ್ ಶಾಲೆಗೆ ಮಗುವನ್ನು ಸೇರಿಸಿದ್ದೀರಾ? ಜೊತೆಗೆ ನೀವೂ ಸೇರಿಕೊಳ್ಳಿ

ಮಂಗಳೂರು, ಉಡುಪಿ ಕಡೆ ಚರ್ಚ್ ಇದ್ದಲ್ಲಿ ಪಕ್ಕದಲ್ಲೇ ಒಂದು ಪ್ರಾಥಮಿಕ ಶಾಲೆ ಇರುವುದು ಮಾಮೂಲಿ. ಕೊಂಕಣಿ ಮಾತಾಡುವ ಕ್ರೈಸ್ತರ ಮಕ್ಕಳು, ತುಳು ಮಾತಾಡುವವರು, ಬ್ಯಾರಿ ಅಂದರೆ ಕರಾವಳಿಯ ಮುಸ್ಲಿಂ ಮಕ್ಕಳು ಎಲ್ಲರೂ ಅಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಎಷ್ಟೋ ಕಡೆ ಕ್ರೈಸ್ತರಲ್ಲದ ಮಕ್ಕಳೇ ಜಾಸ್ತಿ. "ಅಲ್ಲಿ ಶಿಸ್ತು ಚೆನ್ನಾಗಿದೆ" ಅಂತ ಮಗುವನ್ನು ಸೇರಿಸಿ, ಆಮೇಲೆ ಮಾರ್ಕ್ಸ್ ಕಾರ್ಡ್‌ಗೆ ಸಹಿ ಹಾಕುವ ದಿನ ಮಾತ್ರ ಗೇಟಿನ ಒಳಗೆ ಹೋಗುವ ಅಪ್ಪ ಅಮ್ಮಂದಿರು ತುಂಬಾ ಜನ. ಆ ಶಿಸ್ತು, ಆ ಮೌಲ್ಯ ಎಲ್ಲ ಬರುವುದು ಶಾಲೆಯ ಸುತ್ತ ಇರುವ ಜನರಿಂದ. ಆ ಜನರಲ್ಲಿ ನೀವೂ ಒಬ್ಬರಾಗಬೇಕು. ಅದಕ್ಕೆ ಏನೇನು ಮಾಡಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಾರು ಏನು ಅಂತ ತಿಳಿದುಕೊಳ್ಳಿ. ಶಾಲೆಯ ಸಂಚಾಲಕರು ಸಾಮಾನ್ಯವಾಗಿ ಆ ಚರ್ಚಿನ ಫಾದರ್. ಕಾನ್ವೆಂಟ್ ನಡೆಸುವ ಶಾಲೆಯಾದರೆ ಸಿಸ್ಟರ್. ಮುಖ್ಯ ಶಿಕ್ಷಕಿ ಸಿಸ್ಟರ್ ಆಗಿರಬಹುದು, ಇಲ್ಲದೆಯೂ ಇರಬಹುದು. ಮಗುವಿನ ವಿಷಯ ಏನೇ ಇದ್ದರೂ ಮೊದಲು ಕ್ಲಾಸ್ ಟೀಚರ್ ಹತ್ತಿರ ಮಾತಾಡಿ, ಆಮೇಲೆ ಮುಖ್ಯ ಶಿಕ್ಷಕಿ. ಸೀದಾ ಫಾದರ್ ಮನೆಗೆ ಹೋಗಿ ದೂರು ಹೇಳಿದರೆ ಕೆಲಸವೂ ಆಗುವುದಿಲ್ಲ, ಟೀಚರ್ ಮನಸ್ಸಿಗೂ ನೋವಾಗುತ್ತದೆ. ಇನ್ನೊಂದು ಮಾತು. ಫಾದರ್‌ಗೂ ಸಿಸ್ಟರ್‌ಗೂ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಇದ್ದೇ ಇರುತ್ತದೆ. ಅವರು ಬರುತ್ತಾರೆ, ಹೋಗುತ್ತಾರೆ. ಶಾಲೆಯನ್ನು ಹಿಡಿದು ನಿಲ್ಲಿಸುವುದು ಟೀಚರುಗಳು, ಹಳೆ ವಿದ್ಯಾರ್ಥಿಗಳು ಮತ್ತು ನಿಮ್ಮಂಥ ಪೋಷಕರು.

ಧರ್ಮದ ವಿಷಯ ಕೇಳಲು ಸಂಕೋಚ ಬೇಡ

ಸೇರಿಸುವ ದಿನವೇ ಕೇಳಿಬಿಡಿ. ಹೆಚ್ಚಿನ ಶಾಲೆಗಳಲ್ಲಿ ಕ್ರೈಸ್ತ ಮಕ್ಕಳಿಗೆ ಧರ್ಮಶಿಕ್ಷಣದ ಪಿರಿಯಡ್ ಇದ್ದರೆ ಉಳಿದವರಿಗೆ ಅದೇ ಹೊತ್ತಿಗೆ ನೀತಿ ಪಾಠ, ಅಂದರೆ ಮೌಲ್ಯ ಶಿಕ್ಷಣ ಇರುತ್ತದೆ. ಸಂವಿಧಾನದ 28ನೇ ವಿಧಿಯೇ ಸ್ಪಷ್ಟವಾಗಿ ಹೇಳುತ್ತದೆ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಸೇರಿಸುವಂತಿಲ್ಲ. 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮದೇ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಿ. ಬೆಳಗ್ಗೆ ಅಸೆಂಬ್ಲಿಯಲ್ಲಿ ಪ್ರಾರ್ಥನೆ ಇರುತ್ತದೆ, ಗೋಡೆಯ ಮೇಲೆ ಶಿಲುಬೆ ಇರುತ್ತದೆ. ಅದು ಆ ಶಾಲೆಯ ಗುರುತು. ನಿಮಗೆ ಏನಾದರೂ ಇರಿಸುಮುರಿಸು ಇದ್ದರೆ ಮುಖ್ಯ ಶಿಕ್ಷಕಿ ಹತ್ತಿರ ಕೂತು ನೇರವಾಗಿ ಹೇಳಿ. ವಾಟ್ಸಾಪ್ ಗ್ರೂಪಿನಲ್ಲಿ ಹಾಕಬೇಡಿ. ಐದು ನಿಮಿಷದಲ್ಲಿ ಬಗೆಹರಿಯುವ ಮಾತು ಅಲ್ಲಿ ಬಿದ್ದರೆ ಊರೆಲ್ಲ ಸುತ್ತಿ ಬರುತ್ತದೆ.

ನೀತಿ ಪಾಠದಲ್ಲಿ ಏನು ಹೇಳಿಕೊಟ್ಟರು ಅಂತ ಮನೆಯಲ್ಲಿ ಕೇಳಿ. "ಹಂಚಿ ತಿನ್ನಬೇಕು" ಅಂತ ಮಗು ಹೇಳಿದರೆ ಅವತ್ತೇ ತಂಗಿಯ ಜೊತೆ ಹಂಚಲು ಏನಾದರೂ ಕೈಗೆ ಕೊಡಿ. ಅಷ್ಟೇ ಸಾಕು.

ಊಟದ ಹೊತ್ತನ್ನು ಒಂದು ಸಲವಾದರೂ ನೋಡಿ

ಅನುದಾನಿತ ಶಾಲೆಯಾದರೆ ಅಕ್ಷರ ದಾಸೋಹದ ಬಿಸಿಯೂಟ ಇರುತ್ತದೆ, 2013ರಿಂದ ಕ್ಷೀರ ಭಾಗ್ಯದ ಹಾಲೂ ಇದೆ. ಟೀಚರ್ ಹತ್ತಿರ ಕೇಳಿಕೊಂಡು ಒಂದು ಮಧ್ಯಾಹ್ನ ಹೋಗಿ ನಿಂತು ನೋಡಿ. ದೊಡ್ಡ ಕ್ಲಾಸಿನ ಮಕ್ಕಳು ಬಡಿಸುತ್ತಾರೆ. ಒಂದನೇ ಕ್ಲಾಸಿನ ಪುಟ್ಟದೊಂದು ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಸಾರು ಚೆಲ್ಲದ ಹಾಗೆ ತಟ್ಟೆಯನ್ನೇ ನೋಡುತ್ತಾ ಒಂದೊಂದೇ ಹೆಜ್ಜೆ ಇಡುತ್ತಿರುತ್ತದೆ. ಏಳನೇ ಕ್ಲಾಸಿನ ಹುಡುಗಿ ಅದರ ಹಿಂದೆಯೇ ಹೋಗಿ ಕೂರಿಸಿ ಬರುತ್ತಾಳೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಯಾರ ತಟ್ಟೆಯಲ್ಲಿ ಏನಿದೆ ಅಂತ ಆಡಿಕೊಳ್ಳಬಾರದು ಎಂಬುದನ್ನು ಮಕ್ಕಳು ಇಲ್ಲೇ ಕಲಿಯುತ್ತಾರೆ. ಮನೆಯಲ್ಲಿ ನಾವು ಇನ್ನೊಬ್ಬರ ಊಟದ ಬಗ್ಗೆ ಕೊಂಕು ಮಾತಾಡಿದರೆ ಇಷ್ಟೂ ನೀರಲ್ಲಿ ಹೋಮ ಮಾಡಿದ ಹಾಗೆ ಆಗುತ್ತದೆ, ಅಲ್ವಾ?

ಹಬ್ಬಗಳಿಗೆ ಹೋಗುವುದು ಹೇಗೆ

ನನ್ನ ಪ್ರಕಾರ ಈ ಶಾಲೆಗಳ ಬದುಕು ಅರ್ಥವಾಗಲು ಎಲ್ಲಕ್ಕಿಂತ ಒಳ್ಳೆಯ ಕಾಲ ಮೊಂತಿ ಹಬ್ಬ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮೊದಲು ನೊವೆನಾ, ಅಂದರೆ 9 ದಿನದ ಪ್ರಾರ್ಥನೆ ನಡೆಯುತ್ತದೆ, ಆಗಸ್ಟ್ 30ರಿಂದ ಶುರು. ಮಕ್ಕಳು ದಿನಾ ಹೂ ತಂದು ಬಾಲೆ ಮರಿಯಮ್ಮನ ಮೂರ್ತಿಗೆ ಅರ್ಪಿಸುತ್ತಾರೆ. ಮಳೆ ಇನ್ನೂ ಬಿಟ್ಟಿರುವುದಿಲ್ಲ. ದಾಸವಾಳ, ಗೊಂಡೆ, ಬೇಲಿ ಬದಿಯ ಹೆಸರು ಗೊತ್ತಿಲ್ಲದ ಹೂ ಎಲ್ಲ ಒದ್ದೆಯಾಗಿ ತಟ್ಟೆಯಲ್ಲಿ ಅಂಟಿಕೊಂಡಿರುತ್ತವೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ, ಮಕ್ಕಳ ಕೈಗೆ ಕಬ್ಬು. ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ತರಕಾರಿ ಊಟ. ಆಶೀರ್ವಾದದ ತೆನೆಯ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕುತ್ತಾರೆ.

ಇದು ಕ್ರೈಸ್ತರದ್ದು, ನಮಗೇನು ಅನ್ನಬೇಡಿ. ತುಳುನಾಡಿನ ಹಿಂದೂ ಮನೆಗಳಲ್ಲಿ ಕದಿರು (ಹೊಸ ತೆನೆ) ಕಟ್ಟುವುದು, ಹೊಸ ಅಕ್ಕಿ ಊಟ ಮಾಡುವುದು ಇಲ್ವಾ? ಅದೇ ಗದ್ದೆ, ಅದೇ ಪೈರು. ನಿಮ್ಮ ಮನೆಯಲ್ಲಿ ಹೇಗೆ ಮಾಡುತ್ತೀರಿ ಅಂತ ಮಗು ಕ್ಲಾಸಿನಲ್ಲಿ ಹೇಳಲಿ. ಗದ್ದೆ ಇದ್ದರೆ ಒಂದು ಹಿಡಿ ತೆನೆ ಶಾಲೆಗೆ ಕಳಿಸಿ. ಹೂ ಒಯ್ಯಲು ಮಗುವಿಗೆ ಆಸೆ ಇದ್ದು ನಿಮಗೂ ಒಪ್ಪಿಗೆ ಇದ್ದರೆ ಟೀಚರ್‌ಗೆ ಹೇಳಿ. ಇಷ್ಟವಿಲ್ಲದಿದ್ದರೆ ಬಲವಂತ ಬೇಡ.

ಕ್ರಿಸ್ಮಸ್‌ಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟಲು ಬೈಹುಲ್ಲು, ಬಿದಿರು, ಪಾಚಿ ಬೇಕಾಗುತ್ತದೆ. ಒಂದು ಶನಿವಾರ ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋಗಿ ಕೈ ಜೋಡಿಸಿ. ಅಲ್ಲಿ ಆಗುವ ಪರಿಚಯ ಮೀಟಿಂಗ್‌ನಲ್ಲಿ ಆಗುವುದಿಲ್ಲ. ಈಸ್ಟರ್‌ಗೆ ಮೊದಲಿನ 40 ದಿನದ ತಪಸ್ಸಿನ ಕಾಲದಲ್ಲಿ ಕೆಲವು ಶಾಲೆಗಳು ಕ್ಲಾಸಿನಲ್ಲಿ ಡಬ್ಬ ಇಡುತ್ತವೆ. ಮಕ್ಕಳು ಚಾಕಲೇಟಿನ ದುಡ್ಡು ಉಳಿಸಿ ಬಡವರಿಗೆ ಅಂತ ಹಾಕುತ್ತಾರೆ. ದಯವಿಟ್ಟು ನೀವು ನೂರು ರೂಪಾಯಿ ನೋಟು ಕೊಟ್ಟು ಕಳಿಸಬೇಡಿ. ಮಗು ತಾನೇ ಬಿಟ್ಟುಕೊಟ್ಟ ಎರಡು ರೂಪಾಯಿಗೆ ಬೆಲೆ ಇರುವುದು. ಪಕ್ಕದ ಮನೆಯ ಬಡ ಹುಡುಗನೂ ನಿಮ್ಮ ಮಗುವೂ ಆ ಡಬ್ಬದ ಮುಂದೆ ಸಮ ನಿಲ್ಲಲಿ.

ಕೆಲಸಕ್ಕೆ ಹೆಗಲು ಕೊಡಿ

ಶಿಕ್ಷಕ ರಕ್ಷಕ ಸಂಘದ ಸಭೆಗೆ ತಪ್ಪಿಸಬೇಡಿ, ಅಪ್ಪಂದಿರೂ ಬನ್ನಿ. ಒಂದು ವಿಷಯ ಅಲ್ಲಿ ಎತ್ತಲೇಬೇಕು. ಅನುದಾನಿತ ಶಾಲೆಗಳಲ್ಲಿ ಟೀಚರ್ ನಿವೃತ್ತಿಯಾದರೆ ಆ ಜಾಗ ಬೇಗ ತುಂಬುವುದಿಲ್ಲ. ಆಗ ಆಡಳಿತ ಮಂಡಳಿ ಗೌರವ ಶಿಕ್ಷಕಿಯರನ್ನು ಇಟ್ಟುಕೊಳ್ಳುತ್ತದೆ. ಅವರ ಸಂಬಳ ತೀರಾ ಕಡಿಮೆ, ಅದನ್ನು ಹೊಂದಿಸುವುದು ಶಾಲೆಗೂ ಕಷ್ಟ. ನಿಮ್ಮ ಮಗುವಿಗೆ ಅ ಆ ಇ ಈ ತಿದ್ದಿಸುತ್ತಿರುವುದು ಅವರೇ ಇರಬಹುದು. ಎಷ್ಟು ಕೊರತೆ ಇದೆ ಅಂತ ಕೇಳಿ, ಪೋಷಕರೆಲ್ಲ ಸೇರಿ ತಿಂಗಳಿಗೆ ಕೈಲಾದಷ್ಟು ಹಾಕುವ ಏರ್ಪಾಟು ಮಾಡಿ, ಲೆಕ್ಕ ಸಭೆಯಲ್ಲಿ ಓದುವ ಹಾಗಿರಲಿ. ದುಡ್ಡು ಕೊಡಲು ಆಗದಿದ್ದರೆ ಬೇರೆ ದಾರಿ ಬೇಕಾದಷ್ಟಿದೆ: ಮೇ ತಿಂಗಳಲ್ಲಿ ಮಾಡಿನ ಹಂಚು ಸರಿಮಾಡುವುದು, ತರಕಾರಿ ತೋಟಕ್ಕೆ ಗೊಬ್ಬರ, ವಾರ್ಷಿಕೋತ್ಸವಕ್ಕೆ ಯಕ್ಷಗಾನದ ಹೆಜ್ಜೆ ಹೇಳಿಕೊಡುವುದು.

ಏಳನೇ ಕ್ಲಾಸ್ ಮುಗಿದು ಮಗು ಹೈಸ್ಕೂಲಿಗೆ ಹೋಗುವಾಗ ಟಿ.ಸಿ. ತೆಗೆದುಕೊಂಡು ಸುಮ್ನೆ ಹೊರಟು ಬಿಡಬೇಡಿ. ಹಳೆ ವಿದ್ಯಾರ್ಥಿ ಸಂಘದ ಪುಸ್ತಕ ಕೇಳಿ ತರಿಸಿ, ಮಗುವಿನ ಹೆಸರು ಮತ್ತು ನಿಮ್ಮ ಫೋನ್ ನಂಬರ್ ಬರೆಸಿ ಬನ್ನಿ. ಸಂಘ ಇನ್ನೂ ಇಲ್ಲದಿದ್ದರೆ ಆ ವರ್ಷ ಹೊರಬರುವ ಮಕ್ಕಳ ಮನೆಯವರೇ ಸೇರಿ ಶುರು ಮಾಡಬಹುದು.