ಅರ್ಜಿ ಹಾಕುವ ಮುಂಚೆ ಕಾಲೇಜಿನ ಮನೆತನ ವಿಚಾರಿಸಿ

ಹಾಸನದಲ್ಲಿ ಪಿಯುಸಿ ಮುಗಿಸಿ ಅಮೆರಿಕಕ್ಕೆ ಅರ್ಜಿ ಹಾಕುವ ಮಕ್ಕಳು ‘ಮೇಡಂ, ಪ್ರಬಂಧ ತಿದ್ದಿಕೊಡಿ’ ಅಂತ ನಮ್ಮ ಮನೆಗೆ ಬರುತ್ತಾರೆ. ಮೊದಲು ತೋರಿಸುವುದು ರ‍್ಯಾಂಕಿಂಗ್ ಪಟ್ಟಿ. ಅದನ್ನು ಮಡಚಿಡಿ ಅನ್ನುತ್ತೇನೆ. ‘ನಮ್ಮ ಕಾಲೇಜೇ ಯಾಕೆ ಬೇಕು?’ ಅಂತ ಅರ್ಜಿಯಲ್ಲಿ ಕೇಳುತ್ತಾರಲ್ಲ, ಅದಕ್ಕೆ ರ‍್ಯಾಂಕು ಉತ್ತರ ಆಗುವುದಿಲ್ಲ. ಸಂಬಂಧ ನೋಡುವಾಗ ಮನೆತನ ವಿಚಾರಿಸುವ ಹಾಗೆ ಕಾಲೇಜಿನದನ್ನೂ ವಿಚಾರಿಸಬೇಕು.

ಕನೆಕ್ಟಿಕಟ್ ರಾಜ್ಯದ ಮಿಡಲ್‌ಟೌನ್ ಊರಿನ ವೆಸ್ಲಿಯನ್ ಯೂನಿವರ್ಸಿಟಿಯನ್ನೇ ತಗೊಳ್ಳಿ. ಯಾರು ಕಟ್ಟಿದರು, ಯಾಕೆ ಕಟ್ಟಿದರು ಅನ್ನುವುದು ಮೊದಲು. 1831ರಲ್ಲಿ ಶುರು ಮಾಡಿದವರು ಮೆಥಡಿಸ್ಟ್ ಕ್ರೈಸ್ತರು. ಅಲ್ಲಿದ್ದ ಒಂದು ಸೈನಿಕ ಶಾಲೆ ಊರು ಬಿಟ್ಟು ಹೋಗಿತ್ತು, ಅದರ ಕಟ್ಟಡ ಇವರಿಗೆ ಸಿಕ್ಕಿತು. ಮೊದಲ ಅಧ್ಯಕ್ಷ ವಿಲ್ಬರ್ ಫಿಸ್ಕ್ ಲ್ಯಾಟಿನ್, ಗ್ರೀಕ್ ಜೊತೆಗೆ ಆಧುನಿಕ ಭಾಷೆಗಳಿಗೂ ವಿಜ್ಞಾನಕ್ಕೂ ಸಮನಾದ ಜಾಗ ಕೊಟ್ಟರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಹೆಸರು ಮೆಥಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿಯದು. ನಮ್ಮೂರಿನ ರೆಡ್‌ಫರ್ನ್ ಆಸ್ಪತ್ರೆ ಶುರುವಾದದ್ದೂ ವೆಸ್ಲಿಯನ್ ಮಿಷನ್‌ನವರಿಂದಲೇ. ಅವರು ಇಂಗ್ಲೆಂಡಿನವರು, ಇವರು ಅಮೆರಿಕದವರು, ಅಷ್ಟೇ ವ್ಯತ್ಯಾಸ. ಚರ್ಚಿನ ಜೊತೆಗಿನ ನಂಟನ್ನು ಕಾಲೇಜು 1937ರಲ್ಲಿ ಕಳಚಿಕೊಂಡಿತು. ಇದನ್ನೂ ಬರೆದಿಟ್ಟುಕೊಳ್ಳಿ.

ಆಮೇಲೆ, ಬಾಗಿಲು ಯಾರಿಗೆ ತೆರೆದರು, ಯಾರಿಗೆ ಮುಚ್ಚಿದರು ನೋಡಿ. ಬಣ್ಣದ ಕೈಪಿಡಿಯಲ್ಲಿ ಇದು ಇರುವುದು ಕಡಿಮೆ. ವೆಸ್ಲಿಯನ್ 1872ರಲ್ಲೇ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತು. ಹುಡುಗಿಯರಿಂದ ಕಾಲೇಜಿನ ಗಂಡಸುತನಕ್ಕೇ ಕುಂದು ಅಂತ ಹಳೆಯ ವಿದ್ಯಾರ್ಥಿಗಳು ಗೊಣಗಿದರು. 1909ರಲ್ಲಿ ಹುಡುಗಿಯರನ್ನು ಸೇರಿಸಿಕೊಳ್ಳುವುದು ಬೇಡ ಅಂತ ತೀರ್ಮಾನವಾಯಿತು, 1912ಕ್ಕೆ ಅವರಿಗೆ ಬಾಗಿಲು ಪೂರ್ತಿ ಮುಚ್ಚಿತು. ಅಲ್ಲಿ ಓದಿದ ಕೆಲವು ಹೆಂಗಸರು ಸುಮ್ನೆ ಕೂರಲಿಲ್ಲ. ಹೆಣ್ಣುಮಕ್ಕಳಿಗಾಗಿ 1911ರಲ್ಲಿ ಕನೆಕ್ಟಿಕಟ್ ಕಾಲೇಜು ಹುಟ್ಟುವುದಕ್ಕೆ ಕೈಜೋಡಿಸಿದರು. ವೆಸ್ಲಿಯನ್ ಮತ್ತೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿದ್ದು 1970ರಲ್ಲಿ. ನನಗೆ ಕಾಲೇಜಿನ ನೂರು ಹೊಗಳಿಕೆಗಿಂತ ಇಂಥ ಒಂದು ತಪ್ಪೇ ಜಾಸ್ತಿ ಹೇಳುತ್ತದೆ. ಕಾಲೇಜು ಅದನ್ನು ಈಗ ಹೇಗೆ ಒಪ್ಪಿಕೊಂಡು ಬರೆಯುತ್ತದೆ ಅನ್ನುವುದನ್ನೂ ಓದಿ.

ಮೂರನೆಯದು ನನಗೆ ಇಷ್ಟದ ಕೆಲಸ. ಬೇರೆ ಕಡೆ ಇಲ್ಲದ ಯಾವ ಹುಚ್ಚು ಇಲ್ಲಿದೆ ಅಂತ ಹುಡುಕುವುದು. 1890ರ ದಶಕದಲ್ಲಿ ಆಟ್‌ವಾಟರ್ ಅನ್ನುವ ಪ್ರೊಫೆಸರ್ ಇಲ್ಲಿ ಮನುಷ್ಯರನ್ನೇ ಒಂದು ಕೋಣೆಯಂಥ ಯಂತ್ರದೊಳಗೆ ಕೂರಿಸಿ, ತಿಂದ ಊಟದಿಂದ ಎಷ್ಟು ಶಕ್ತಿ ಬರುತ್ತದೆ ಅಂತ ಅಳೆದರು. ಬಿಸ್ಕತ್ತಿನ ಪೊಟ್ಟಣದ ಮೇಲೆ ನಾವು ಓದುವ ಕ್ಯಾಲೊರಿ ಲೆಕ್ಕಕ್ಕೆ ಅವರ ಕೆಲಸವೂ ಒಂದು ಬುನಾದಿ. ಇನ್ನೊಂದು ಹುಚ್ಚು ಸಂಗೀತದ್ದು. 1960ರ ದಶಕದಿಂದ ಅಲ್ಲಿ ಕರ್ನಾಟಕ ಸಂಗೀತ ಕಲಿಸುತ್ತಾರೆ. ಕೊಳಲಿನ ಟಿ. ವಿಶ್ವನಾಥನ್, ಮೃದಂಗದ ಟಿ. ರಂಗನಾಥನ್, ಅಣ್ಣತಮ್ಮ ಇಬ್ಬರೂ ಅಲ್ಲಿ ಮೇಷ್ಟ್ರಾಗಿದ್ದರು. ನವರಾತ್ರಿಗೆ ಕಚೇರಿಗಳೂ ನಡೆಯುತ್ತವೆ. ಜಾನ್ ಹಿಗ್ಗಿನ್ಸ್ ಬಿಎಯಿಂದ ಪಿಎಚ್‌ಡಿವರೆಗೆ ಓದಿದ್ದು ಇಲ್ಲೇ. ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಹಾಡಿ ನಮ್ಮವರ ಬಾಯಲ್ಲಿ ಹಿಗ್ಗಿನ್ಸ್ ಭಾಗವತರ್ ಆದ ಅಮೆರಿಕದವರು ಅವರೇ.

ಇಷ್ಟು ಹೇಳಿದಾಗ ಅಪ್ಪಂದಿರು ಕೇಳುತ್ತಾರೆ: ‘ನಮ್ಮ ಹುಡುಗಿ ಪಿಸಿಎಂಬಿ, ಅವಳಿಗೆ ಹಾಡು ಯಾಕೆ ಮೇಡಂ?’ ಅಲ್ಲಿ ಮುಖ್ಯ ವಿಷಯ ಆರಿಸಬೇಕಾದದ್ದು ಎರಡನೇ ವರ್ಷದ ಕೊನೆಗೆ ಸ್ವಾಮಿ. ಅಲ್ಲಿಯವರೆಗೆ ಭೌತಶಾಸ್ತ್ರದ ಪಕ್ಕದಲ್ಲೇ ತಕಧಿಮಿ ಕಲಿಯಬಹುದು. ನಂಬಿಕೆ ಬರದಿದ್ದರೆ ಅವರ ಕೋರ್ಸ್ ಪಟ್ಟಿ ತೆರೆದು ನೋಡಿ, ಯಾರು ಬೇಕಾದರೂ ಓದಬಹುದು. ವಿದ್ಯಾರ್ಥಿ ಪತ್ರಿಕೆ ‘ಆರ್ಗಸ್’ ಕೂಡ ನೋಡಿ. 1868ರಿಂದ ಇದೆ. ಮಕ್ಕಳ ಜಗಳ, ಊಟದ ದೂರು ಎಲ್ಲ ಅಂಥ ಪತ್ರಿಕೆಗಳಲ್ಲೇ ಸಿಗುವುದು.

ಪ್ರಬಂಧಕ್ಕೆ ಕೂತಾಗ ಇದನ್ನೆಲ್ಲ ಸುರಿಯಬೇಡಿ. ಅವರ ಚರಿತ್ರೆ ಅವರಿಗೆ ಗೊತ್ತು, ಅಲ್ವಾ? ಒಂದೇ ಒಂದು ಸಂಗತಿ ತಗೊಂಡು ನಿಮ್ಮದೊಂದನ್ನು ಅದರ ಪಕ್ಕ ಇಡಿ. ಸಕಲೇಶಪುರದ ತೋಟದ ಮನೆಯವರಾದರೆ, ತಾತ ದಿನವೂ ಮಳೆಯ ಇಂಚು ಬರೆದಿಟ್ಟ ಡೈರಿ ಇರುತ್ತದೆ. ಅಳೆಯುವ ಹುಚ್ಚು ನಿಮಗೂ ಇದ್ದರೆ ಆಟ್‌ವಾಟರ್ ಹೆಸರು ಅಲ್ಲಿ ತಾನಾಗಿ ಬರುತ್ತದೆ. ಬರದಿದ್ದರೆ ಬಿಡಿ.

ಅರ್ಜಿಯ ದುಡ್ಡು ಕಟ್ಟುವ ಮುಂಚೆ, ಹೊರದೇಶದವರಿಗೆ ಎಷ್ಟು ಸಹಾಯಧನ ಕೊಡುತ್ತಾರೆ ಅಂತ ಬೇರೆಯಾಗಿ ನೋಡಿ. ಅಮೆರಿಕದ ಮಕ್ಕಳಿಗೆ ಇರುವ ನಿಯಮ ನಿಮಗೂ ಇರುತ್ತದೆ ಅಂತ ಅಂದುಕೊಳ್ಳಬೇಡಿ.