ಮರಜರಿ: ಹಿತ್ತಲಲ್ಲಿ ಬೆಳೆಸುವುದು ಹೇಗೆ?

ಕೊಡಗು, ಆಗುಂಬೆ, ಕುದುರೆಮುಖದ ಕಡೆ ಹಳ್ಳದ ದಂಡೆಗಳಲ್ಲಿ ಆಳೆತ್ತರ ಮೀರಿ, ಕೊಡೆ ಬಿಚ್ಚಿದಂತೆ ಗರಿ ಹರಡಿ ನಿಲ್ಲುವ ಜರಿಗಿಡವೇ ಮರಜರಿ. ಅದನ್ನು ಕಂಡವರಿಗೆ ಮನೆಗೊಂದು ಬೇಕೆನಿಸುವುದು ಸಹಜ. ಆದರೆ ಕಾಡಿನಿಂದ ಕಿತ್ತು ತರುವ ಯೋಚನೆ ಖಂಡಿತ ಬೇಡ. ಅದು ಅಪರಾಧ, ಜೊತೆಗೆ ಬೇರು ಹರಿದ ದೊಡ್ಡ ಗಿಡ ಬದುಕುವುದೂ ಅಪರೂಪ. ಸಯಾಥಿಯಾ ಗುಂಪಿನ ಮರಜರಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ (ಅಪಾಯದಲ್ಲಿರುವ ಕಾಡು ಸಸ್ಯ, ಪ್ರಾಣಿಗಳ ವ್ಯಾಪಾರದ ಕುರಿತ ಅಂತರರಾಷ್ಟ್ರೀಯ) ಒಪ್ಪಂದದ ನಿಯಂತ್ರಣವಿದೆ. ಆರ್ಕಿಡ್ ಕಟ್ಟಲೆಂದು ಇದರ ಕಾಂಡದ ತುಂಡು ಕೊಳ್ಳುವ ಅಭ್ಯಾಸವನ್ನೂ ಬಿಡಬೇಕು. ಆ ಕೆಲಸಕ್ಕೆ ತೆಂಗಿನ ಸಿಪ್ಪೆ ಧಾರಾಳವಾಗಿ ಸಾಕು.

ನರ್ಸರಿಯಲ್ಲಿಯೇ ಬೆಳೆಸಿದ, ಕುಂಡದಲ್ಲಿ ಬೇರೂರಿದ ಚಿಕ್ಕ ಸಸಿಯನ್ನೇ ಆರಿಸಿ. ಆಸ್ಟ್ರೇಲಿಯಾ ಮೂಲದ ಸಯಾಥಿಯಾ ಕೂಪರಿ ಎಂಬ ಜಾತಿಯ ಮರಜರಿ ಬೇಗ ಬೆಳೆಯುತ್ತದೆ. ಆದರೆ ಹವಾಯಿಯಲ್ಲಿ ಅದು ಕಾಡಿಗೆ ನುಗ್ಗಿ ಪಿಡುಗಾಗಿದೆ, ಹಾಗಾಗಿ ಮಲೆನಾಡಿನ ಕಾಡಂಚಿನ ತೋಟಗಳಿಗೆ ಅದು ಬೇಡ ಎಂಬುದು ನನ್ನ ಅಭಿಪ್ರಾಯ. ನಮ್ಮದೇ ಆದ, ಕಪ್ಪು ತೊಟ್ಟಿನ ಸಯಾಥಿಯಾ ಗೈಗಾಂಟಿಯಾ ಸಿಕ್ಕರೆ ಅದೇ ಲೇಸು.

ಜಾಗ ಆರಿಸುವಾಗ ನೆರಳಿಗಿಂತ ಗಾಳಿಯ ಕಡೆ ಹೆಚ್ಚು ಗಮನ ಕೊಡಿ. ಒಣಗಾಳಿ ಬೀಸುವಲ್ಲಿ ಗರಿಗಳ ಅಂಚು ಸುಟ್ಟುಹೋಗುತ್ತದೆ. ಗೋಡೆಯ ಮರೆ, ಅಡಿಕೆ ಅಥವಾ ಹಲಸಿನ ಚದುರಿದ ನೆರಳು, ಬೆಳಗಿನ ಎಳೆಬಿಸಿಲು ಇದ್ದರೆ ಒಳ್ಳೆಯದು. ಬೆಂಗಳೂರಿನಂತಹ ಊರುಗಳಲ್ಲಿ ಬೇಸಿಗೆಗೆ ನೆರಳುಪರದೆ ಬೇಕಾಗುತ್ತದೆ. ಬಯಲುಸೀಮೆಯ ಸುಡುಬಿಸಿಲಿಗೆ ಈ ಗಿಡ ಒಗ್ಗದು.

ಮಳೆ ಹಿಡಿದ ಮೇಲೆ, ಜೂನ್ ತಿಂಗಳಲ್ಲಿ ನೆಡಿ. ಎರಡಡಿ ಅಗಲ, ಎರಡಡಿ ಆಳದ ಗುಂಡಿ ತೋಡಿ, ಕೊಳೆತ ತರಗೆಲೆ ಗೊಬ್ಬರ, ತೋಟದ ಮಣ್ಣು, ತೆಂಗಿನ ನಾರಿನ ಪುಡಿಯನ್ನು ಸಮಪಾಲಾಗಿ ಬೆರೆಸಿ, ಸ್ವಲ್ಪ ಮರಳು ಸೇರಿಸಿ ತುಂಬಿ. ಮಣ್ಣು ಸದಾ ತೇವವಾಗಿರಬೇಕು, ಆದರೆ ನೀರು ನಿಲ್ಲಬಾರದು. ಸುಣ್ಣ, ಬೂದಿ ಹಾಕಬೇಡಿ. ಇದಕ್ಕೆ ತುಸು ಹುಳಿ ಮಣ್ಣು ಹಿತ. ಕುಂಡದಲ್ಲಿದ್ದಷ್ಟೇ ಆಳಕ್ಕೆ ಸಸಿಯನ್ನು ಕೂರಿಸಿ, ಬುಡಕ್ಕೆ ದಪ್ಪನೆಯ ತರಗೆಲೆ ಹೊದಿಸಿ.

ಇಲ್ಲಿ ಒಂದು ವಿಷಯ ಚೆನ್ನಾಗಿ ನೆನಪಿರಲಿ. ಹೊಸ ಗರಿಗಳು ಸುರುಳಿ ಬಿಚ್ಚುವುದು ನೆತ್ತಿಯಿಂದ ಮಾತ್ರ. ಸಾಮಾನ್ಯವಾಗಿ ಈ ಗಿಡಕ್ಕೆ ಪಕ್ಕದ ಚಿಗುರಿಲ್ಲ, ಆದ್ದರಿಂದ ನೆತ್ತಿ ಸತ್ತರೆ ಗಿಡವೇ ಹೋಯಿತು. ನೆತ್ತಿಗೆ ಮಣ್ಣು, ಗೊಬ್ಬರ ಬೀಳದಂತೆ ನೋಡಿಕೊಳ್ಳಿ; ಸುರುಳಿಯನ್ನು ಕೈಯಿಂದ ಬಿಡಿಸಲು ಹೋಗಬೇಡಿ. ಕಾಂಡವೆಂದು ಕಾಣುವುದರ ಹೊರಮೈ ಬಹುಪಾಲು ಬೇರುಗಳ ಜಾಲ. ಹಾಗಾಗಿ ಬುಡಕ್ಕಷ್ಟೇ ಅಲ್ಲ, ಕಾಂಡದ ಮೇಲೂ ನೀರು ಚಿಮುಕಿಸಿ. ಬೇಸಿಗೆಯಲ್ಲಿ ದಿನಕ್ಕೆರಡು ಸಲವಾದರೂ ಬೇಕು. ಗಡಸು ಬೋರ್‌ವೆಲ್ ನೀರಿಗಿಂತ ಹಿಡಿದಿಟ್ಟ ಮಳೆನೀರು ಮೇಲು.

ಗೊಬ್ಬರ ಕಡಿಮೆ ಸಾಕು: ಮಳೆಗಾಲದ ಆರಂಭದಲ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಬುಟ್ಟಿ. ಹಿಟ್ಟುತಿಗಣೆ ಕಂಡರೆ ನೀರಿನಿಂದ ತೊಳೆಯಿರಿ. ಎಣ್ಣೆ ಬೆರೆತ ಔಷಧಿಗಳನ್ನು ಗರಿ ತಾಳದು. ಎಳೆಸುರುಳಿ ತಿನ್ನುವ ಬಸವನಹುಳುಗಳನ್ನು ರಾತ್ರಿ ಟಾರ್ಚ್ ಹಿಡಿದು ಹೆಕ್ಕಿ ತೆಗೆಯಬೇಕು. ಒಣಗಿದ ಗರಿ ಕತ್ತರಿಸುವಾಗ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಕೂಪರಿಯ ತೊಟ್ಟಿನ ರೋಮಗಳು ಚರ್ಮ, ಕಣ್ಣನ್ನು ಕೆರಳಿಸುತ್ತವೆ.

ತಾಳ್ಮೆಯಿದ್ದವರು ಬೀಜಕಗಳಿಂದಲೂ (ಜರಿಗಿಡಗಳಲ್ಲಿ ಬೀಜದ ಬದಲಿರುವ ಪುಡಿಯಂಥ ಕಣಗಳು) ಸಸಿ ಮಾಡಬಹುದು. ತೋಟದ ಗಿಡದ ಗರಿಯ ಅಡಿಯಲ್ಲಿ ಕಂದು ಚುಕ್ಕೆಗಳು ಬಲಿತಾಗ ಒಂದು ತುಂಡು ಕತ್ತರಿಸಿ ಕಾಗದದ ಮಡಿಕೆಯಲ್ಲಿಡಿ. ಒಂದೆರಡು ದಿನದಲ್ಲಿ ಕಂದು ಪುಡಿ ಉದುರುತ್ತದೆ. ತೆಂಗಿನ ನಾರಿನ ಪುಡಿಗೆ ಕುದಿನೀರು ಸುರಿದು, ತಣಿದ ಮೇಲೆ ಅದರ ಮೇಲೆ ಬೀಜಕದ ಪುಡಿಯನ್ನು ತೆಳ್ಳಗೆ ಉದುರಿಸಿ, ಪಾರದರ್ಶಕ ಡಬ್ಬಿಯಲ್ಲಿ ಮುಚ್ಚಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿಡಿ. ಕೆಲವು ವಾರಗಳಲ್ಲಿ ಹಸಿರು ಪೊರೆ, ಬಳಿಕ ಹೃದಯದಾಕಾರದ ಪುಟ್ಟ ಹಾಳೆಗಳು ಮೂಡುತ್ತವೆ. ಈ ಹಾಳೆಗಳಲ್ಲಿ ಗಂಡು, ಹೆಣ್ಣು ಕಣಗಳು ಕೂಡಲು ನೀರಿನ ಪದರ ಬೇಕಾದ್ದರಿಂದ ಈ ಹಂತದಲ್ಲಿ ಕುದಿಸಿ ಆರಿಸಿದ ನೀರನ್ನು ಮಂಜಿನಂತೆ ಸಿಂಪಡಿಸುತ್ತಿರಿ. ತಿಂಗಳುಗಳ ನಂತರ ನಿಜವಾದ ಪುಟ್ಟ ಗರಿ ಏಳುತ್ತದೆ. ಆಮೇಲೆ ಡಬ್ಬಿಯ ಮುಚ್ಚಳವನ್ನು ದಿನವೂ ಸ್ವಲ್ಪ ಸ್ವಲ್ಪ ತೆರೆದು ಹೊರಗಾಳಿಗೆ ಒಗ್ಗಿಸಿ, ಬೆರಳುದ್ದವಾದಾಗ ಒಂದೊಂದನ್ನೇ ಚಿಕ್ಕ ಕುಂಡಕ್ಕೆ ಬದಲಾಯಿಸಿ.