ಗರ್ಭಪಾತ ನಿಷೇಧ ಮತ್ತು ಶಿಶುಮರಣ: ಅಂಕಿಗಳನ್ನು ನೀವೇ ತೆಗೆದು ನೋಡುವುದು ಹೇಗೆ

ಅಮೆರಿಕದಲ್ಲಿ ಗರ್ಭಪಾತ ನಿಷೇಧ ಬಂದ ಮೇಲೆ ಹಸುಗೂಸುಗಳ ಸಾವು ಹೆಚ್ಚಾಯ್ತು, ಅದೂ ಕಪ್ಪು ಜನರಲ್ಲಿ ಜಾಸ್ತಿ ಅಂತ ಒಬ್ಬರು ಹೇಳುತ್ತಾರೆ. ಎಲ್ಲ ರಾಜಕೀಯ ಅಂತ ಇನ್ನೊಬ್ಬರು. ಸುಮ್ನೆ ಜಗಳ ನೋಡುತ್ತಾ ಕೂರಬೇಡಿ, ಲೆಕ್ಕ ಯಾರು ಬೇಕಾದರೂ ತೆಗೆದು ನೋಡಬಹುದು.

ಮೊದಲು ತಾರೀಕು ನೋಡಿಕೊಳ್ಳಿ. ಟೆಕ್ಸಾಸ್‌ನ ಎಸ್‌ಬಿ 8 ಕಾನೂನು ಜಾರಿಯಾದದ್ದು 2021ರ ಸೆಪ್ಟೆಂಬರ್ 1ಕ್ಕೆ. ಸುಮಾರು ಆರು ವಾರ ದಾಟಿದರೆ ಗರ್ಭಪಾತ ಇಲ್ಲ, ಮಗು ಬದುಕುವುದೇ ಇಲ್ಲ ಅಂತ ಸ್ಕ್ಯಾನಿಂಗ್‌ನಲ್ಲಿ ಗೊತ್ತಾದರೂ ಇಲ್ಲ. ದೇಶದ ಮಟ್ಟದಲ್ಲಿ ಗರ್ಭಪಾತದ ಹಕ್ಕು ಹೋದದ್ದು 2022ರ ಜೂನ್ 24ಕ್ಕೆ. ಅಂದರೆ ಟೆಕ್ಸಾಸ್ ಹತ್ತು ತಿಂಗಳು ಮುಂದಿತ್ತು, ಹೋಲಿಸಲು ಒಳ್ಳೆಯ ಅವಕಾಶ. ಅಲ್ಲಿ ಒಂದು ವರ್ಷದೊಳಗಿನ ಮಕ್ಕಳ ಸಾವು 2021ರಲ್ಲಿ 1,985, 2022ರಲ್ಲಿ 2,240. ಶೇ 12.9 ಏರಿಕೆ. ಉಳಿದ ಅಮೆರಿಕದಲ್ಲಿ ಏರಿದ್ದು ಶೇ 1.8.

ಇಷ್ಟಕ್ಕೇ ನಂಬಬೇಡಿ, ಸಾವಿನ ಕಾರಣ ನೋಡಿ. ನಿಷೇಧವೇ ಕಾರಣವಾದರೆ ಹುಟ್ಟಿನಿಂದಲೇ ದೋಷವಿರುವ ಮಕ್ಕಳ ಸಾವು ಹೆಚ್ಚಬೇಕು, ಯಾಕೆಂದರೆ ಅಂಥ ದೋಷ ಹೆಚ್ಚಾಗಿ ಕಾಣುವುದು ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ. ಟೆಕ್ಸಾಸ್‌ನಲ್ಲಿ ಅದು ಶೇ 22.9 ಏರಿದೆ, ಉಳಿದ ಕಡೆ ಶೇ 3.1 ಇಳಿದಿದೆ. ನನಗೆ ಈ ಒಂದು ಜೋಡಿ ಅಂಕಿಯೇ ಬೇರೆಲ್ಲಕ್ಕಿಂತ ಗಟ್ಟಿ ಸಾಕ್ಷಿ.

ನೀವೇ ತೆಗೆಯಬೇಕಾ? ಸಿಡಿಸಿ ವಂಡರ್ ಅನ್ನೋ ಸರ್ಕಾರಿ ಜಾಲತಾಣ ಇದೆ, ಉಚಿತ. ಜನನ ಮತ್ತು ಶಿಶುಮರಣ ದಾಖಲೆಗಳನ್ನು ಜೋಡಿಸಿದ ವಿಭಾಗ ತೆರೆಯಿರಿ, ಷರತ್ತು ಒಪ್ಪಿ, 'ಗ್ರೂಪ್ ರಿಸಲ್ಟ್ಸ್ ಬೈ' ಕಡೆ ರಾಜ್ಯ, ವರ್ಷ, ತಾಯಿಯ ಜನಾಂಗ ಆರಿಸಿ. ಹುಟ್ಟು ದೋಷಕ್ಕೆ ಕ್ಯೂ 00ರಿಂದ ಕ್ಯೂ 99ರ ತನಕದ ಕಾರಣ ಸಂಕೇತ. ಹತ್ತಕ್ಕಿಂತ ಕಡಿಮೆ ಸಾವಿದ್ದರೆ ಅಂಕಿ ಮುಚ್ಚಿಟ್ಟಿರುತ್ತಾರೆ, ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ ದರವನ್ನು ನಂಬಲಾಗದು ಅಂತ ಗುರುತು ಹಾಕಿರುತ್ತಾರೆ. ಚಿಕ್ಕ ರಾಜ್ಯಗಳಲ್ಲಿ ಇದು ಪದೇಪದೇ ಸಿಗುತ್ತದೆ, ಬೇಜಾರಾಗಬೇಡಿ.

ಇನ್ನು ಗುಂಪುಗಳ ಮಾತು. ಎಲ್ಲರೂ ಎಡವುವುದು ಇಲ್ಲೇ. 2025ರಲ್ಲಿ ಜಾಮಾ ಅನ್ನೋ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ನಿಷೇಧವಿರುವ 14 ರಾಜ್ಯಗಳನ್ನು ನೋಡಿತು. ನಿಷೇಧ ಇಲ್ಲದಿದ್ದರೆ ಸಾವಿರ ಜನನಕ್ಕೆ 5.93 ಸಾವು ಆಗುತ್ತಿತ್ತು ಅಂತ ಅಂದಾಜು, ಆದದ್ದು 6.26. ಕಪ್ಪು ಮಕ್ಕಳಲ್ಲಿ 10.66ರ ಬದಲು 11.81. ಶೇಕಡಾ ಲೆಕ್ಕದಲ್ಲಿ ಇದು ಸುಮಾರು 5.6 ಮತ್ತು 11, ಎರಡರಷ್ಟು ಅನ್ನಿಸುತ್ತದೆ. ಕಳೆದು ನೋಡಿ: ಸಾವಿರಕ್ಕೆ 0.33 ಮತ್ತು 1.15. ಮೂರು ಪಟ್ಟಿಗೂ ಜಾಸ್ತಿ! ಮೊದಲೇ ಎತ್ತರದಲ್ಲಿದ್ದ ದರದ ಮೇಲೆ ಶೇಕಡಾ ಏರಿದರೆ ಹೀಗೇ ಆಗುವುದು, ಆದ್ದರಿಂದ ಎರಡೂ ಲೆಕ್ಕ ಬರೆದಿಟ್ಟುಕೊಳ್ಳಿ. ಈ ಅಂತರ ನಿಷೇಧದಿಂದ ಹುಟ್ಟಿದ್ದಲ್ಲ, ಹಳೆಯದು. ನಿಷೇಧ ಅದನ್ನು ಅಗಲ ಮಾಡಿತು.

ಹಾಗಾದರೆ ಕಾನೂನು ಎಲ್ಲರಿಗೂ ಒಂದೇ ಆದರೂ ಪೆಟ್ಟು ಯಾಕೆ ಬೇರೆ? ದುಡ್ಡು, ದೂರ. ಟೆಕ್ಸಾಸ್‌ನ ನೆರೆಯ ಓಕ್ಲಹೋಮಾ, ಲೂಯಿಸಿಯಾನಾ, ಆರ್ಕಾನ್ಸಾಸ್‌ಗಳಲ್ಲೂ 2022ರಲ್ಲಿ ನಿಷೇಧ ಬಂತು, ಹೂಸ್ಟನ್‌ನವರು ಕಾನ್ಸಸ್‌ನ ವಿಚಿಟಾಗೆ (ಅಲ್ಲಿ ಗರ್ಭಪಾತಕ್ಕೆ ಅವಕಾಶವಿದೆ) ಹೋಗಬೇಕೆಂದರೆ ಹೆಚ್ಚುಕಡಿಮೆ ಬೆಂಗಳೂರಿಂದ ಮುಂಬೈಗೆ ಹೋದಷ್ಟು ದೂರ. ಡಾಲಸ್‌ನ ನಮ್ಮ ಕನ್ನಡದ ಸಾಫ್ಟ್‌ವೇರ್ ದಂಪತಿ ವಿಮಾನ ಹತ್ತಬಹುದು. ರಜೆ ಹಾಕಿದರೆ ದಿನದ ಕೂಲಿಯೇ ಹೋಗುವ, ಮನೆಯಲ್ಲಿ ಇನ್ನೆರಡು ಮಕ್ಕಳಿರುವ ಹೆಂಗಸಿಗೆ ಅದು ಆಗದ ಮಾತು. ಬಡವರ ಸರ್ಕಾರಿ ವಿಮೆ ಮೆಡಿಕೇಡ್ ಗರ್ಭಪಾತಕ್ಕೆ ಕೇಂದ್ರದ ದುಡ್ಡು ಕೊಡುವುದೂ ಇಲ್ಲ, ಅತ್ಯಾಚಾರದಂಥ ಕೆಲವು ಸಂದರ್ಭ ಬಿಟ್ಟರೆ. ಆ ತಡೆಗೆ ಹೈಡ್ ತಿದ್ದುಪಡಿ ಅಂತಾರೆ, 1976ರದ್ದು.

ಇನ್ನೊಂದು: 'ಏಷ್ಯನ್' ಅನ್ನೋ ಕಾಲಂನಲ್ಲಿ ಸಾಫ್ಟ್‌ವೇರ್ ಕುಟುಂಬವೂ ಇದೆ, ನಿರಾಶ್ರಿತರಾಗಿ ಬಂದ ಬರ್ಮಾದ ಕುಟುಂಬವೂ ಇದೆ. ಆ ಒಂದು ಸರಾಸರಿ ನೋಡಿ ನಮ್ಮವರಿಗೆ ತೊಂದರೆಯೇ ಇಲ್ಲ ಅಂತ ಬರೆಯಬೇಡಿ.